ಕಾಕಂಬಿ ಸವರಿದ ಬ್ರೆಡ್ಡಿನಲ್ಲಿ ಕಂಡ ದೇಶ

1840ರ ದಶಕ, ಹೊನೊಲುಲುವಿನ ಒಂದು ವಸತಿ ಶಾಲೆ. ರಾತ್ರಿಯ ಊಟಕ್ಕೆ ಕುಳಿತ ಮಕ್ಕಳೆಲ್ಲ ಹವಾಯಿಯ ಅರಸು ಮನೆತನಗಳಿಗೆ ಸೇರಿದವರು. ಅವರ ಮುಂದಿರುವುದು ಕಾಕಂಬಿ ಸವರಿದ ಒಂದು ದಪ್ಪ ಬ್ರೆಡ್ ತುಂಡು. ಸಾಮಾನ್ಯವಾಗಿ ಊಟ ಅಷ್ಟೇ; ಅದನ್ನು ತಿಂದು ಮಲಗಬೇಕು. ನಾಲ್ಕನೆಯ ವಯಸ್ಸಿಗೆ ಆ ಶಾಲೆ ಸೇರಿದ್ದ ಒಬ್ಬ ಹುಡುಗಿಗೆ ಅರ್ಧ ಶತಮಾನ ಕಳೆದ ಮೇಲೂ ಆ ಹಸಿವು ಮರೆತಿರಲಿಲ್ಲ. ಇಂಗ್ಲಿಷನ್ನು ಸರಿಯಾಗಿ ಕಲಿಸಲು ಅಷ್ಟೊಂದು ಕಾಳಜಿ ವಹಿಸುತ್ತಿದ್ದ ಗುರುಗಳು ನಾವು ಬೆಳೆಯುವ ಮಕ್ಕಳೆಂಬುದನ್ನು ಮಾತ್ರ ಮರೆತಂತಿತ್ತು ಎಂದು ಆಕೆ ಬರೆದಳು. ತೋಟದಲ್ಲಿ ಗೆಡ್ಡೆ, ಸೊಪ್ಪು ಹುಡುಕಿ, ಕಡ್ಡಿ ಉಜ್ಜಿ ಬೆಂಕಿ ಮಾಡಿ ಬೇಯಿಸಿಕೊಂಡು ತಿಂದದ್ದನ್ನೂ ಬರೆದಳು. ಆಕೆಯೇ ಮುಂದೆ ಹವಾಯಿಯ ಕೊನೆಯ ರಾಣಿಯಾದ ಲಿಲಿಯುಒಕಲಾನಿ.

ಶಾಲೆ ನಡೆಸುತ್ತಿದ್ದವರು ಏಮಸ್ ಕುಕ್ ಮತ್ತು ಜೂಲಿಯೆಟ್ ಕುಕ್ ದಂಪತಿ, 1837ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದಿಂದ ಬಂದ ಮಿಷನರಿಗಳು. ಅವರನ್ನು ಜಿಪುಣರೆಂದು ಕರೆಯಲು ನನಗೆ ಮನಸ್ಸಿಲ್ಲ. ಅವರು ಹುಟ್ಟಿ ಬೆಳೆದ ಸೀಮೆಯಲ್ಲಿ ಬ್ರೆಡ್ಡು, ಕಾಕಂಬಿ ಮನೆಮನೆಯ ಆಹಾರ. ಮಿತವಾಗಿ ತಿಂದು ಬೇಗ ಮಲಗುವುದು ಅಲ್ಲಿನ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಪರಂಪರೆಯಲ್ಲಿ ಒಳ್ಳೆಯ ನಡತೆಯ ಗುರುತು. ತಾವು ಮಕ್ಕಳಿಗೆ ಶಿಸ್ತನ್ನು ಉಣಿಸುತ್ತಿದ್ದೇವೆ ಎಂದೇ ಅವರು ನಂಬಿದ್ದಿರಬೇಕು. ಹುಡುಗಿಗೆ ಈ ಹಿನ್ನೆಲೆ ಯಾವುದೂ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ತಟ್ಟೆಯಲ್ಲಿರುವ ತುಂಡು ಮತ್ತು ಅದನ್ನು ಕೊಟ್ಟ ಕೈ.

ಪರನಾಡಿಗೆ ಹೋಗಿ ಪಾಠ ಹೇಳುವ ಮಿಷನರಿಯ ತರಗತಿಯಲ್ಲಿ ಎರಡು ಪಾಠಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಕರಿಹಲಗೆಯ ಮೇಲಿನದು ಒಂದು. ಇನ್ನೊಂದಕ್ಕೆ ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಇವರು ಬಂದ ನಾಡು ಎಂಥದು, ಅಲ್ಲಿಯ ಜನ ಹೇಗೆ ಬದುಕುತ್ತಾರೆ, ನಮ್ಮನ್ನು ಏನೆಂದು ತಿಳಿದಿದ್ದಾರೆ ಎಂಬುದನ್ನು ಮಕ್ಕಳು ತಾವಾಗಿಯೇ ಬರೆದುಕೊಳ್ಳುವ ಪಾಠ ಅದು. ಶಿಕ್ಷಕರು ತಮ್ಮ ದೇಶದ ಬಗ್ಗೆ ಹೇಳಿದ್ದಕ್ಕಿಂತ ಅವರು ಮಾಡಿದ್ದೇ ಆ ಪಾಠದ ಬಹುಪಾಲು. ಅದು ಮಗುವಿನ ತಲೆಯಲ್ಲಿ ಹೇಗೆ ಕಟ್ಟಿಕೊಳ್ಳುತ್ತದೆ, ಎಲ್ಲಿ ಹದ ತಪ್ಪುತ್ತದೆ, ಎಂದು ಒಡೆಯುತ್ತದೆ ಎಂಬುದು ಈ ಲೇಖನದ ವಿಷಯ.

ಒಬ್ಬರೇ ಒಂದು ದೇಶ

ಮೊದಲಿಗೆ, 'ದೇಶ' ಎಂಬುದೇ ಮಗುವಿಗೆ ಸುಲಭದ ಮಾತಲ್ಲ. ಮನೋವಿಜ್ಞಾನಿಗಳಾದ ಪಿಯಾಜೆ ಮತ್ತು ವೇಲ್ 1951ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಮಕ್ಕಳನ್ನು ಈ ಬಗ್ಗೆ ಮಾತನಾಡಿಸಿದ್ದರು. ಏಳೆಂಟು ವರ್ಷದ ಮಕ್ಕಳಲ್ಲಿ ಅನೇಕರು ತಾವು ಜಿನೀವಾದವರು, ಆದ್ದರಿಂದ ಸ್ವಿಸ್ ಅಲ್ಲ ಎಂದರು. ಒಬ್ಬ ಮನುಷ್ಯ ಏಕಕಾಲಕ್ಕೆ ಎರಡೂ ಆಗಿರಬಹುದೆಂಬುದು ಅವರಿಗೆ ಹೊಳೆಯಲಿಲ್ಲ. 'ವಿದೇಶಿ' ಎಂಬ ಪದದ ಕಥೆ ಇನ್ನೂ ಸ್ವಾರಸ್ಯದ್ದು. ವಿದೇಶಿ ಎಂದರೆ ಬೇರೆಯವರು. ನಾವು ಫ್ರಾನ್ಸಿಗೆ ಹೋದರೆ ಅಲ್ಲಿಯವರ ಕಣ್ಣಿಗೆ ನಾವೇ ವಿದೇಶಿಯರು ಎಂಬುದನ್ನು ಚಿಕ್ಕ ಮಕ್ಕಳು ಒಪ್ಪಲಿಲ್ಲ. ಸ್ವಿಸ್ ಮನುಷ್ಯ ಎಲ್ಲಿಗೆ ಹೋದರೂ ಸ್ವಿಸ್ಸೇ, ವಿದೇಶಿ ಹೇಗಾದಾನು? ಈ ಗಂಟು ಬಿಚ್ಚಿಕೊಳ್ಳಲು ಹತ್ತು ಹನ್ನೊಂದು ವರ್ಷ ತುಂಬಬೇಕಾಯಿತು. 1960ರ ದಶಕದ ಆರಂಭದಲ್ಲಿ ಗುಸ್ತಾವ್ ಯಹೋಡಾ ಗ್ಲಾಸ್ಗೋದ ಮಕ್ಕಳಲ್ಲಿಯೂ ಇಂಥದೇ ತೊಡಕು ಕಂಡರು: ಊರು ಸ್ಕಾಟ್ಲೆಂಡಿನ ಒಳಗೆ, ಸ್ಕಾಟ್ಲೆಂಡ್ ಬ್ರಿಟನ್ನಿನ ಒಳಗೆ ಎಂಬ ಡಬ್ಬಿಯೊಳಗೆ ಡಬ್ಬಿಯ ಲೆಕ್ಕ ಚಿಕ್ಕವರಿಗೆ ಹತ್ತುತ್ತಿರಲಿಲ್ಲ.

ಇದನ್ನು ಮಿಷನರಿಯ ತರಗತಿಗೆ ತಂದು ನೋಡೋಣ. ಆರು ವರ್ಷದ ಮಗುವಿಗೆ 'ಅಮೆರಿಕ' ಎಂದರೆ ನಕಾಶೆಯ ಮೇಲಿನ ಜಾಗವಲ್ಲ; ತನ್ನ ಶಿಕ್ಷಕಿಗೆ ಅಂಟಿಕೊಂಡಿರುವ ಒಂದು ಹೆಸರು. ಆ ಹೆಸರಿಗೆ ಅರ್ಥ ತುಂಬಲು ಮಗುವಿನ ಬಳಿ ಇರುವ ಸಾಮಗ್ರಿ ಒಬ್ಬಳೇ ಒಬ್ಬ ಹೆಂಗಸು, ಅವಳ ಮನೆ, ಅವಳ ಪೆಟ್ಟಿಗೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಆದರೆ ಆ ಲೆಕ್ಕ ನಡೆಯುವುದು ಎಲ್ಲ ಅಗುಳೂ ಒಂದೇ ಪಾತ್ರೆಯ ನೀರಿನಲ್ಲಿ ಕುದಿದಿರುವಾಗ ಮಾತ್ರ. ದೇಶದ ಜನ ಹಾಗೆ ಕುದಿದಿರುವುದಿಲ್ಲ.

ಹಾಗಿದ್ದರೂ ಮಕ್ಕಳು ಒಂದೇ ಅಗುಳಿನಿಂದ ಇಡೀ ಪಾತ್ರೆಯನ್ನು ಅಳೆಯುತ್ತಾರೆ, ಅದಕ್ಕೆ ಕಾರಣವೂ ಇದೆ. ಮನೋವಿಜ್ಞಾನಿಗಳಾದ ಚಿಬ್ರಾ ಮತ್ತು ಗೆರ್ಗೆ 2009ರಲ್ಲಿ ಮಂಡಿಸಿದ 'ಸಹಜ ಬೋಧನೆ'ಯ ಸಿದ್ಧಾಂತದ ಪ್ರಕಾರ, ದೊಡ್ಡವರು ಕಣ್ಣಲ್ಲಿ ಕಣ್ಣಿಟ್ಟು, ಹೆಸರು ಹಿಡಿದು ಕರೆದು ಏನನ್ನಾದರೂ ತೋರಿಸಿದರೆ ಮಗು ಅದನ್ನು ಆ ಗಳಿಗೆಯ ಸಂಗತಿ ಎಂದು ಎಣಿಸುವುದಿಲ್ಲ. ಲೋಕದ ನಿಯಮ ಎಂದು ಎತ್ತಿಟ್ಟುಕೊಳ್ಳುತ್ತದೆ. ಮನುಷ್ಯರ ಮಕ್ಕಳು ಬೇಗ ಕಲಿಯುವುದು ಹೀಗೆಯೇ. ಚಮಚ ಹಿಡಿಯುವುದನ್ನು ಒಮ್ಮೆ ತೋರಿಸಿದರೆ ಸಾಕು, ಎಲ್ಲ ಚಮಚಗಳನ್ನೂ ಹಾಗೆಯೇ ಹಿಡಿಯಬೇಕೆಂದು ಮಗುವಿಗೆ ಗೊತ್ತಾಗುತ್ತದೆ. ಶಿಕ್ಷಕರ ವೃತ್ತಿಯೇ ತೋರಿಸುವುದು. ಹಾಗಾಗಿ ಅವರು ತೋರಿಸಬೇಕೆಂದುಕೊಂಡದ್ದೂ, ತೋರಿಸಬಾರದೆಂದುಕೊಂಡದ್ದೂ ಒಂದೇ ಚೀಲಕ್ಕೆ ಬೀಳುತ್ತದೆ.

ಈ ಚೀಲದೊಳಗೆ ಏನೇನು ಬೆರೆತಿರುತ್ತದೆ ಎಂಬುದೇ ಇಡೀ ವಿಷಯದ ಕಠಿಣ ಭಾಗ. ಒಬ್ಬ ಶಿಕ್ಷಕಿ ದಿನವೂ ಬೆಳಿಗ್ಗೆ ತನ್ನ ಬೂಟನ್ನು ಮಿಂಚುವಂತೆ ಒರೆಸುತ್ತಾಳೆ ಎನ್ನಿ. ಅದು ಅವಳೊಬ್ಬಳ ಗೀಳಾಗಿರಬಹುದು. ಅವಳ ಪಂಥದ ಶಿಸ್ತಾಗಿರಬಹುದು. ಅವಳು ಹುಟ್ಟಿದ ವರ್ಗದ ಮರ್ಯಾದೆಯ ಪ್ರಶ್ನೆ ಇರಬಹುದು, ಅಥವಾ ಅವಳ ಸೀಮೆಯಲ್ಲಿ ಕೆಸರು ಹೆಚ್ಚು ಎಂಬ ಸರಳ ಕಾರಣವಿರಬಹುದು. ಕಟ್ಟಕಡೆಗೆ, ಅವಳ ದೇಶದ ಪದ್ಧತಿಯೂ ಆಗಿರಬಹುದು. ದೊಡ್ಡವರು ಇವುಗಳನ್ನು ಬೇರೆ ಬೇರೆ ಮಾಡಬಲ್ಲರು, ಏಕೆಂದರೆ ಹೋಲಿಸಿ ನೋಡಲು ಅವರಿಗೆ ಹತ್ತು ಜನ ಸಿಕ್ಕಿರುತ್ತಾರೆ. ಮಗುವಿಗೆ ಸಿಕ್ಕಿರುವುದು ಒಬ್ಬಳೇ. ಆದ್ದರಿಂದ ಐದೂ ಪದರಗಳು ಅಂಟಿಕೊಂಡು 'ಅವರ ದೇಶದಲ್ಲಿ ಹಾಗೆ' ಎಂಬ ಒಂದೇ ವಾಕ್ಯವಾಗುತ್ತವೆ. ಮಿಷನರಿಗಳ ವಿಷಯದಲ್ಲಿ ಈ ವಾಕ್ಯ ಹೆಚ್ಚಾಗಿ ತಪ್ಪಾಗಿರುತ್ತದೆ. ಮನೆ, ನೆಂಟರು, ಸಂಪಾದನೆ ಬಿಟ್ಟು ಕಡಲಾಚೆ ಧರ್ಮಪ್ರಚಾರಕ್ಕೆ ಹೊರಡುವವರು ತಮ್ಮ ಊರಿನಲ್ಲೇ ಅಪರೂಪದ ಜನ. ಊರಿನ ಅತ್ಯಂತ ವಿಚಿತ್ರ ಮನೆಯವರನ್ನು ನೋಡಿ ಊರನ್ನು ಅಳೆದ ಹಾಗೆ ಇದು.

ಎಲ್ಲ ಮಕ್ಕಳೂ ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ನುಂಗುತ್ತಾರೆ ಎಂದಲ್ಲ. ಕ್ಯಾಥರಿನ್ ಕಿಂಜ್ಲರ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ಚಿಕ್ಕ ಮಕ್ಕಳು, ತಮ್ಮ ಮನೆಯವರಂತೆ ಉಚ್ಚರಿಸುವವರ ಮಾತನ್ನೇ ಹೆಚ್ಚು ನಂಬಿದ್ದು ಕಂಡುಬಂದಿದೆ. ಅಪರಿಚಿತ ವಸ್ತುವೊಂದನ್ನು ಹೇಗೆ ಬಳಸಬೇಕು ಎಂಬಂಥ, ಭಾಷೆಗೆ ಸಂಬಂಧವೇ ಇಲ್ಲದ ವಿಷಯದಲ್ಲೂ ಹಾಗೆಯೇ. ಹರಕುಮುರುಕು ನುಡಿಯಲ್ಲಿ ಪಾಠ ಮಾಡುವ ಹೊಸ ಮಿಷನರಿಗೆ ಇದು ಮೊದಲ ತಡೆಗೋಡೆ. ವಯಸ್ಸಿನ ವ್ಯತ್ಯಾಸವೂ ಇದೆ. ಲ್ಯಾಂಬರ್ಟ್ ಮತ್ತು ಕ್ಲೈನ್‌ಬರ್ಗ್ 1967ರಲ್ಲಿ ಪ್ರಕಟಿಸಿದ ಸಮೀಕ್ಷೆ ಜಗತ್ತಿನ ಹನ್ನೊಂದು ಕಡೆಗಳಲ್ಲಿ 6, 10 ಮತ್ತು 14 ವರ್ಷದ ಮಕ್ಕಳನ್ನು ಪರದೇಶದವರ ಬಗ್ಗೆ ಕೇಳಿತ್ತು. ಹತ್ತರ ಆಸುಪಾಸಿನ ಮಕ್ಕಳಲ್ಲಿ ಪರಕೀಯರ ಬಗ್ಗೆ ಕುತೂಹಲವೂ ಸ್ನೇಹವೂ ಹೆಚ್ಚು ಕಂಡವು. ಹದಿನಾಲ್ಕರ ಹೊತ್ತಿಗೆ ಅಭಿಪ್ರಾಯಗಳು ಗಟ್ಟಿಯಾಗತೊಡಗಿದ್ದವು.

ಗೋಡೆಯ ಆಚೆ

ಮಗು ನೋಡುತ್ತದೆ, ಆದರೆ ನೋಡಿದ್ದಕ್ಕೆ ಕಾರಣ ಯಾರೂ ಹೇಳಿರುವುದಿಲ್ಲ. ಆಗ ಕಾರಣವನ್ನು ತಾನೇ ಹೆಣೆದುಕೊಳ್ಳುತ್ತದೆ, ಇಲ್ಲವೇ ಮನೆಯ ದೊಡ್ಡವರಿಂದ ಎರವಲು ತರುತ್ತದೆ. ಈ ಎರವಲು ಎಷ್ಟು ಭಯಂಕರವಾಗಬಹುದೆಂಬುದಕ್ಕೆ ಪೂರ್ವ ಏಷ್ಯಾದಲ್ಲಿ ಎರಡು ಘಟನೆಗಳಿವೆ.

ಚೀನಾದ ತಿಯಾನ್‌ಜಿನ್ ನಗರದಲ್ಲಿ ಫ್ರೆಂಚ್ ಸನ್ಯಾಸಿನಿಯರು ಅನಾಥಾಲಯ ನಡೆಸುತ್ತಿದ್ದರು. ಕಾಯಿಲೆ ಬಿದ್ದ, ಬಿಟ್ಟುಹೋದ ಮಕ್ಕಳನ್ನು ತಂದೊಪ್ಪಿಸಿದವರಿಗೆ ಒಂದಿಷ್ಟು ಹಣವನ್ನೂ ಕೊಡುತ್ತಿದ್ದರು. ಸಾಯುವ ಮೊದಲು ಮಗುವಿಗೆ ದೀಕ್ಷಾಸ್ನಾನವಾದರೆ ಆತ್ಮ ಉಳಿಯಿತು ಎಂಬುದು ಅವರ ನಂಬಿಕೆ. 1870ರಲ್ಲಿ ಸಾಂಕ್ರಾಮಿಕ ರೋಗ ಹರಡಿ ಅಲ್ಲಿ ಮಕ್ಕಳು ಸಾಲುಸಾಲಾಗಿ ಸತ್ತರು. ಇದೇ ಸಂಗತಿಯನ್ನು ಗೋಡೆಯ ಹೊರಗೆ ನಿಂತು ನೋಡಿ: ಪರಕೀಯರು ದುಡ್ಡು ಕೊಟ್ಟು ಮಕ್ಕಳನ್ನು ಒಳಗೆ ತೆಗೆದುಕೊಳ್ಳುತ್ತಾರೆ, ಹೊರಗೆ ಬರುವುದು ಶವಪೆಟ್ಟಿಗೆ. ಔಷಧಿಗಾಗಿ ಮಕ್ಕಳ ಕಣ್ಣು ಕೀಳುತ್ತಾರೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಜೂನ್ ತಿಂಗಳಲ್ಲಿ ನಡೆದ ದಂಗೆಯಲ್ಲಿ ಹತ್ತು ಮಂದಿ ಸನ್ಯಾಸಿನಿಯರೂ ಫ್ರೆಂಚ್ ರಾಯಭಾರಿ ಅಧಿಕಾರಿಯೂ ಸೇರಿ ಇಪ್ಪತ್ತರಷ್ಟು ವಿದೇಶಿಯರು ಹತರಾದರು.

ಹದಿನೆಂಟು ವರ್ಷಗಳ ನಂತರ, 1888ರ ಬೇಸಿಗೆಯಲ್ಲಿ, ಕೊರಿಯಾದ ಸೋಲ್ ನಗರದಲ್ಲೂ ಇದೇ ಬಗೆಯ ವದಂತಿ ಎದ್ದಿತು. ವಿದೇಶಿಯರು ಮಕ್ಕಳನ್ನು ಕದ್ದು ಔಷಧಿ ಮಾಡುತ್ತಾರೆ ಎಂಬುದರ ಜತೆಗೆ ಹೊಸದೊಂದು ಸೇರಿತ್ತು: ಕ್ಯಾಮೆರಾಕ್ಕೆ ಮಕ್ಕಳ ಕಣ್ಣು ಬೇಕಂತೆ. ಮನುಷ್ಯನ ರೂಪವನ್ನು ಅಚ್ಚುಕಟ್ಟಾಗಿ ಹಿಡಿದಿಡುವ ಪೆಟ್ಟಿಗೆಯನ್ನು ಮೊದಲ ಸಲ ಕಂಡ ಜನ, ನೋಡಲು ಕಣ್ಣು ಬೇಕಲ್ಲವೇ ಎಂದು ತರ್ಕಿಸಿದ್ದು ಅಷ್ಟೇನೂ ದಡ್ಡತನವಲ್ಲ ಎಂದು ನನಗೆ ಅನ್ನಿಸುತ್ತದೆ. ಪರಿಸ್ಥಿತಿ ಕೈಮೀರುವ ಹಾಗೆ ಕಂಡಾಗ ವಿದೇಶಿ ದೂತಾವಾಸಗಳು ಹಡಗುಗಳಿಂದ ನೌಕಾ ಸೈನಿಕರನ್ನು ಕರೆಸಿಕೊಂಡವು.

ಅದೇ ಸೋಲ್‌ನಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನರಿ ಮೇರಿ ಸ್ಕ್ರ್ಯಾಂಟನ್ 1886ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಅದೇ ಇಂದಿನ ಇಹ್ವಾ ವಿಶ್ವವಿದ್ಯಾಲಯದ ಬೇರು. ಆರಂಭದಲ್ಲಿ ವಿದ್ಯಾರ್ಥಿನಿಯರೇ ಸಿಗಲಿಲ್ಲ. ಒಬ್ಬಳೇ ವಿದ್ಯಾರ್ಥಿನಿಯಿಂದ ಶಾಲೆ ಶುರುವಾಯಿತು. ಆಮೇಲೆ ಬಡತನ ತಾಳಲಾರದೆ ಮಗಳನ್ನು ತಂದು ಬಿಟ್ಟ ತಾಯಿಗೆ, ಪರದೇಶದವಳು ಮಗುವನ್ನು ಹಡಗು ಹತ್ತಿಸಿಬಿಟ್ಟರೆ ಎಂಬ ಭಯ. ಮಗುವನ್ನು ನಿಮ್ಮ ಅನುಮತಿಯಿಲ್ಲದೆ ದೇಶದ ಹೊರಗೆ ಒಯ್ಯುವುದಿಲ್ಲ ಎಂದು ಸ್ಕ್ರ್ಯಾಂಟನ್ ಕಾಗದ ಬರೆದುಕೊಟ್ಟ ಮೇಲೆಯೇ ಆಕೆಗೆ ಸಮಾಧಾನ. ಆ ಮಗುವಿಗೆ ಮನೆಯಲ್ಲಿ ಕೇಳಿದ್ದು ಒಂದು, ಶಾಲೆಯಲ್ಲಿ ಕಂಡದ್ದು ಇನ್ನೊಂದು. ಕಣ್ಣು ಕೀಳುವವರ ನಾಡಿನವಳು ತಲೆ ಬಾಚಿ ಊಟಕ್ಕೆ ಕೂರಿಸುತ್ತಿದ್ದಾಳೆ. ಇಂಥಲ್ಲಿ ಮಕ್ಕಳು ಸಾಮಾನ್ಯವಾಗಿ ಹಿಡಿಯುವ ದಾರಿಯನ್ನು ಮನೋವಿಜ್ಞಾನ ಚೆನ್ನಾಗಿ ಬಲ್ಲದು: ಹಳೆಯ ನಂಬಿಕೆಯನ್ನು ಬಿಡುವುದಿಲ್ಲ, ಎದುರಿಗಿರುವವರನ್ನು ಅದರಿಂದ ಹೊರಗಿಡುತ್ತಾರೆ. 'ನಮ್ಮ ಟೀಚರ್ ಒಳ್ಳೆಯವರು, ಅವರ ಜನ ಹಾಗಲ್ಲ.' ತಾನು ಪ್ರೀತಿಯಿಂದ ನಡೆದುಕೊಂಡರೆ ತನ್ನ ದೇಶದ ಮೇಲೂ ಪ್ರೀತಿ ಹುಟ್ಟುತ್ತದೆ ಎಂಬ ಶಿಕ್ಷಕಿಯ ಲೆಕ್ಕ ತಪ್ಪುವುದು ಈ ಜಾಗದಲ್ಲಿ.

ಇಲ್ಲಿ ಒಂದು ಪಕ್ಕದ ಮಾತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಮಿಷನರಿಗಳಲ್ಲಿ ಹೆಂಗಸರೇ ಹೆಚ್ಚು, ಹೆಂಡತಿಯರನ್ನೂ ಒಂಟಿ ಹೆಂಗಸರನ್ನೂ ಸೇರಿಸಿ. ಶಾಲೆ ಕಟ್ಟಿಸುವ, ಲೆಕ್ಕ ನೋಡುವ, ಗಂಡಸರ ಮುಂದೆ ನಿಂತು ಮಾತನಾಡುವ ಹೆಂಗಸನ್ನು ಕಂಡ ಹುಡುಗಿಯರು ಅವರ ನಾಡಿನಲ್ಲಿ ಹೆಣ್ಣಿಗೆ ಇಷ್ಟು ಅಧಿಕಾರವಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ನಿಜ ಸಂಗತಿಯೆಂದರೆ ಆ ಹೆಂಗಸರಲ್ಲಿ ಅನೇಕರಿಗೆ ತಮ್ಮ ಊರಿನಲ್ಲಿ ಅಂಥ ಅಧಿಕಾರ ಸಿಗುತ್ತಿರಲಿಲ್ಲ. ಅದು ದಕ್ಕಿದ್ದು ಕಡಲು ದಾಟಿದ್ದರಿಂದಲೇ. ಮಕ್ಕಳು ಕಂಡದ್ದು ಅಮೆರಿಕದಲ್ಲೇ ಇಲ್ಲದ ಅಮೆರಿಕವನ್ನು.

ಹಸ್ತಲಾಘವ ಮತ್ತು ಬಾಗಿಲು

ಹೆದರಿಕೆಗಿಂತ ಹೆಚ್ಚು ಕಾಲ ಬಾಳುವುದು ಬೆರಗು. ನೆಲ್ಸನ್ ಮಂಡೇಲಾ ತಮ್ಮ ಆತ್ಮಕಥೆಯಲ್ಲಿ ದಕ್ಷಿಣ ಆಫ್ರಿಕಾದ ಮಿಷನ್ ಶಾಲೆಗಳ ಬಗ್ಗೆ ಬಿಡಿಸಿ ಬರೆದಿದ್ದಾರೆ. ಕುನು ಹಳ್ಳಿಯ ಶಾಲೆಗೆ ಸೇರಿದ ಮೊದಲ ದಿನ ಶಿಕ್ಷಕಿ ಎಂಡಿಂಗಾನೆ 'ನೆಲ್ಸನ್' ಎಂಬ ಹೆಸರು ಕೊಟ್ಟರು. ಆಕೆ ಆಫ್ರಿಕನ್ನರೇ, ಹೆಸರು ಮಾತ್ರ ಇಂಗ್ಲೆಂಡಿನದು. ಮುಂದೆ ಕ್ಲಾರ್ಕ್‌ಬರಿಯ ಶಾಲೆಯಲ್ಲಿ ರೆವರೆಂಡ್ ಹ್ಯಾರಿಸ್ ಕೈಕುಲುಕಿದಾಗ, ಬಿಳಿಯನೊಬ್ಬನ ಕೈ ಹಿಡಿದದ್ದು ಹುಡುಗನಿಗೆ ಅದೇ ಮೊದಲು. ಶಾಲೆಯಲ್ಲಿ ಬಿಗಿ ಮುಖದ ಮನುಷ್ಯನಾದ ಹ್ಯಾರಿಸ್ ತಮ್ಮ ತೋಟದಲ್ಲಿ ಬೇರೆಯದೇ ವ್ಯಕ್ತಿ. ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗನಿಗೆ ಹ್ಯಾರಿಸರ ಹೆಂಡತಿ ಮಧ್ಯಾಹ್ನ ಬಿಸಿಬಿಸಿ ಸ್ಕೋನ್‌ಗಳನ್ನು ತಂದುಕೊಡುತ್ತಿದ್ದರು. ಸ್ಕೋನ್ ಎಂದರೆ ಬೆಣ್ಣೆ ಸವರಿ ತಿನ್ನುವ ಬನ್ನಿನಂಥ ತಿನಿಸು. ಅದರ ರುಚಿ ಮಂಡೇಲಾ ಅವರ ನಾಲಿಗೆಯಿಂದ ಹೋಗಲೇ ಇಲ್ಲ.

ಹವಾಯಿಯ ಹುಡುಗಿಗೆ ಬ್ರೆಡ್ಡು ನೆನಪಿದೆ, ಆಫ್ರಿಕಾದ ಹುಡುಗನಿಗೆ ಸ್ಕೋನ್ ನೆನಪಿದೆ. ಇಬ್ಬರ ಗುರುಗಳೂ ಇಂಗ್ಲಿಷ್ ಮಾತನಾಡುವ ಪ್ರೊಟೆಸ್ಟೆಂಟರು. ಇಬ್ಬರೂ ಕಲಿಸಿದ ಪಾಠ ಬಹುಮಟ್ಟಿಗೆ ಒಂದೇ.

ಆ ಕಾಲದ ತಮ್ಮ ಆದರ್ಶ ವಿದ್ಯಾವಂತ ಇಂಗ್ಲಿಷ್ ಮನುಷ್ಯನೇ ಆಗಿದ್ದ, ತಾವೆಲ್ಲ 'ಕಪ್ಪು ಇಂಗ್ಲಿಷರು' ಆಗಲು ಹಂಬಲಿಸುತ್ತಿದ್ದೆವು ಎಂದು ಮಂಡೇಲಾ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ನಂತರದ ಹೀಲ್ಡ್‌ಟೌನ್ ಶಾಲೆಯ ಪ್ರಾಂಶುಪಾಲ ಡಾಕ್ಟರ್ ವೆಲ್ಲಿಂಗ್ಟನ್ ತಾವು ಬ್ರಿಟನ್ನಿನ ಹೆಸರಾಂತ ಸೇನಾಪತಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ವಂಶದವರೆಂದು ಹೇಳಿಕೊಳ್ಳುತ್ತಿದ್ದರು. ಊಟದ ಸಭಾಂಗಣದ ವೇದಿಕೆಯಲ್ಲಿ ಅವರ ಮನೆಗೆ ಹೋಗುವ ಒಂದು ಬಾಗಿಲಿತ್ತು. ಅದರಿಂದ ವೆಲ್ಲಿಂಗ್ಟನ್ ಹೊರತು ಬೇರೆ ಯಾರೂ ಹೊರಬಂದದ್ದನ್ನು ಹುಡುಗರು ಕಂಡಿರಲಿಲ್ಲ. ಒಂದು ದಿನ ಆ ಬಾಗಿಲು ತೆರೆದುಕೊಂಡಿತು. ಹೊರಬಂದವರು ಶೋಸಾ ಭಾಷೆಯ ಕವಿ ಕ್ರುನೆ ಎಂಖಾಯಿ, ಚಿರತೆ ಚರ್ಮ ಹೊದ್ದು, ಎರಡೂ ಕೈಗಳಲ್ಲಿ ಈಟಿ ಹಿಡಿದು. ಮಾತಿನ ಭರದಲ್ಲಿ ಎತ್ತಿದ ಈಟಿ ಪರದೆಯ ತಂತಿಗೆ ತಗುಲಿತು. ಕವಿ ಒಂದು ಕ್ಷಣ ನಿಂತರು, ಅದನ್ನೇ ಮಾತಾಗಿಸಿದರು: ಈಟಿ ಆಫ್ರಿಕಾದ್ದು, ತಂತಿ ಯುರೋಪಿನದು, ಜಾಣತನವಿದೆ, ಜೀವವಿಲ್ಲ. ಬಿಳಿಯ ಪ್ರಾಂಶುಪಾಲರ ಎದುರಿಗೇ ಹೀಗೆ ನುಡಿದದ್ದು ಕೇಳಿ ಹುಡುಗ ನಡುಗಿಹೋದ. ವೆಲ್ಲಿಂಗ್ಟನ್‌ರಂಥವರನ್ನು ಸಹಜವಾಗಿಯೇ ಉಪಕಾರಿಗಳೆಂದು ನಂಬಿದ್ದ ಮನಸ್ಸಿನಲ್ಲಿ ಬಿರುಕು ಬಿತ್ತು ಎಂದು ಅವರು ಬರೆಯುತ್ತಾರೆ.

ಬೆರಗು ಬಾಳುವುದೇಕೆ, ಅದು ಬಿರಿಯಲು ಇಂಥ ಏಟು ಏಕೆ ಬೇಕು? ಮನೋವಿಜ್ಞಾನಿ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಎರಡು ಗುಂಪುಗಳ ಜನ ಬೆರೆತರೆ ಪೂರ್ವಗ್ರಹ ಕರಗುತ್ತದೆಯೇ ಎಂಬ ಪ್ರಶ್ನೆಗೆ ಷರತ್ತಿನ ಉತ್ತರ ಕೊಟ್ಟರು. ಬೆರೆಯುವವರು ಸಮಾನ ಸ್ಥಾನದಲ್ಲಿರಬೇಕು, ಗುರಿ ಒಂದೇ ಇರಬೇಕು, ಕೂಡಿ ದುಡಿಯಬೇಕು, ಮೇಲಿನವರ ಬೆಂಬಲವಿರಬೇಕು. ಮಿಷನ್ ಶಾಲೆಯಲ್ಲಿ ಮೊದಲ ಷರತ್ತೇ ಮುರಿದುಬೀಳುತ್ತದೆ. ಅಂಕ ಕೊಡುವವರು, ಹೆಸರಿಡುವವರು, ಊಟ ಬಡಿಸುವವರು, ಬೆತ್ತ ಹಿಡಿದವರು ಎಲ್ಲ ಒಬ್ಬರೇ. ಅಂಥವರ ಸಂಪರ್ಕದಿಂದ ಭಕ್ತಿ ಹುಟ್ಟಬಹುದು, ಭಯ ಹುಟ್ಟಬಹುದು, ಎಷ್ಟೋ ಸಲ ನಿಜವಾದ ಪ್ರೀತಿಯೂ ಹುಟ್ಟುತ್ತದೆ. ಆ ನಾಡನ್ನು ಇದ್ದ ಹಾಗೆ ನೋಡುವ ಕಣ್ಣು ಮಾತ್ರ ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ಪೀಪಾಯಿ, ದೀಪ, ಬೈಬಲ್ಲು

ಶಿಕ್ಷಕರ ಜತೆಗೆ ಅವರ ನಾಡಿನ ವಸ್ತುಗಳೂ ಬರುತ್ತಿದ್ದವು. ಅಮೆರಿಕದ ಚರ್ಚುಗಳ ಹೆಂಗಸರು ಹಳೆ ಬಟ್ಟೆಬರೆ ತುಂಬಿ ಕಳುಹಿಸುತ್ತಿದ್ದ ಪೀಪಾಯಿಗೆ 'ಮಿಷನರಿ ಬ್ಯಾರಲ್' ಎಂಬ ಹೆಸರೇ ಇತ್ತು. ತೆರೆದರೆ ಉಪಯೋಗಕ್ಕೆ ಬರುವುದೂ ಇರುತ್ತಿತ್ತು, ಯಾರೋ ಬೇಡವೆಂದು ಎಸೆಯಬೇಕಾಗಿದ್ದದ್ದೂ ಇರುತ್ತಿತ್ತು. ಮಕ್ಕಳಿಗೆ ಅದು ಆ ನಾಡಿನ ಸಿರಿ, ಅಲ್ಲಿಯವರಿಗೆ ಅದು ಉಳಿದದ್ದು.

ಚಿತ್ರಗಳ ಪ್ರಭಾವ ಇನ್ನೂ ದೊಡ್ಡದು. ಸ್ಕಾಟ್ಲೆಂಡಿನ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾದ ಒಳನಾಡಿಗೆ ಮ್ಯಾಜಿಕ್ ಲ್ಯಾಂಟರ್ನ್, ಅಂದರೆ ಗಾಜಿನ ಮೇಲಿನ ಚಿತ್ರವನ್ನು ಬೆಳಕಿನಿಂದ ದೊಡ್ಡದಾಗಿ ಮೂಡಿಸುವ ದೀಪ, ಒಯ್ದಿದ್ದರು. 1854ರಲ್ಲಿ ಶಿಂಟೆ ಎಂಬ ಒಡೆಯನ ಊರಿನಲ್ಲಿ ಅಬ್ರಹಾಂ ಮಗನನ್ನು ಬಲಿ ಕೊಡಲು ಕತ್ತಿ ಎತ್ತಿದ ಚಿತ್ರ ತೋರಿಸಿದರು. ಚಿತ್ರ ಬದಲಿಸಲು ಗಾಜನ್ನು ಸರಿಸಿದಾಗ ಕತ್ತಿ ತಮ್ಮ ಕಡೆಗೇ ಬಂತೆಂದು ಹೆಂಗಸರು ಕೂಗುತ್ತಾ ಓಡಿದರು. ಈ ಪ್ರಸಂಗವನ್ನು ನಗೆಗಾಗಿ ಹೇಳುವವರಿದ್ದಾರೆ. ನನಗೆ ಮುಖ್ಯವೆನಿಸುವುದು ಬೇರೆ: ಆ ದೂರದ ಬಿಳಿಯರ ಲೋಕದಿಂದ ಬಂದ ಚಿತ್ರ ಬಿಳಿಯರ ಲೋಕದ್ದಾಗಿರಲೇ ಇಲ್ಲ. ಅಬ್ರಹಾಂ ಪಶ್ಚಿಮ ಏಷ್ಯಾದ ಕುರಿಗಾಹಿ. ಯೇಸು ಹುಟ್ಟಿದ್ದು ಪ್ಯಾಲೆಸ್ಟೈನಿನಲ್ಲಿ. ಆದರೆ ಆ ಕಥೆಗಳನ್ನು ಹೇಳುವವರು ಸ್ಕಾಟ್ಲೆಂಡಿನವರು, ಚಿತ್ರದ ಯೇಸುವಿಗೆ ಹೊಂಗೂದಲು, ಕ್ರಿಸ್‌ಮಸ್ ಕಾರ್ಡಿನ ತುಂಬ ಹಿಮ. ಹೀಗೆ ಒಂದು ಖಂಡದ ಮರಳು, ಇನ್ನೊಂದು ಖಂಡದ ಹಿಮ ಬೆರೆತು, ದೇವರು ಮತ್ತು ಗುರು ಒಂದೇ ಊರಿನವರೆಂಬ ಕಲ್ಪನೆ ಬೆಳೆಯಲು ಎಲ್ಲ ಅನುಕೂಲವೂ ಅಲ್ಲಿತ್ತು. ದೇವರ ಊರಿನಿಂದ ಬಂದವರನ್ನು ಪ್ರಶ್ನಿಸುವುದು ಹೇಗೆ?

ಎರಡು ಅಮೆರಿಕ

ಹವಾಯಿಗೆ ಮರಳೋಣ. ಮಿಷನರಿಗಳ ಮೊದಲ ತಂಡ 1819ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನಿಂದ ಹಡಗು ಹತ್ತಿ, ಐದು ತಿಂಗಳಿಗೂ ಹೆಚ್ಚು ಕಾಲ ಕಡಲಲ್ಲಿದ್ದು, 1820ರಲ್ಲಿ ಅಲ್ಲಿಗೆ ತಲುಪಿತು. ಅದೇ ಹೊತ್ತಿಗೆ ತಿಮಿಂಗಿಲ ಬೇಟೆಯ ಹಡಗುಗಳೂ ಬರತೊಡಗಿದವು. ಎರಡೂ ಕಡೆಯವರು ಅಮೆರಿಕದವರು. ಎಷ್ಟೋ ಮಂದಿ ಒಂದೇ ನ್ಯೂ ಇಂಗ್ಲೆಂಡಿನವರು. ಒಬ್ಬರು ಮದ್ಯ ಮುಟ್ಟಬೇಡಿ ಎನ್ನುತ್ತಿದ್ದರು, ಇನ್ನೊಬ್ಬರು ಬಂದರಿನಲ್ಲಿ ಕುಡಿದು ಬೀಳುತ್ತಿದ್ದರು. ಹಡಗಿಗೆ ಹೆಂಗಸರು ಹೋಗಬಾರದೆಂಬ ನಿಷೇಧ ಬಂದಾಗ, 1826ರಲ್ಲಿ ಅಮೆರಿಕದ ನೌಕಾಪಡೆಯ ಡಾಲ್ಫಿನ್ ಹಡಗಿನ ನಾವಿಕರು ಹೊನೊಲುಲುವಿನಲ್ಲಿ ಗಲಭೆ ಎಬ್ಬಿಸಿ ಮಿಷನರಿ ಹೈರಮ್ ಬಿಂಗ್‌ಹ್ಯಾಂ ಅವರ ಮೇಲೇ ಬಿದ್ದರು. ಬೀದಿಯಲ್ಲಿ ನಿಂತು ನೋಡಿದ ಮಕ್ಕಳಿಗೆ ಅಮೆರಿಕ ಎರಡಾಗಿ ಒಡೆಯಿತು. ಒಂದು ದೇಶದೊಳಗೆ ಹಲವು ಬಗೆಯ ಜನ ಇರುತ್ತಾರೆ ಎಂಬ ಅರಿವು, ಪಿಯಾಜೆಯ ಮಕ್ಕಳಿಗೆ ವಯಸ್ಸಿನೊಂದಿಗೆ ಬರಬೇಕಾದದ್ದು, ಇಲ್ಲಿ ಒಂದೇ ಜಗಳದಿಂದ ಬಂದಿರಬಹುದು.

ಸೂಕ್ಷ್ಮವಾದ ಪಾಠಗಳೂ ಇದ್ದವು. ಹವಾಯಿಯಲ್ಲಿ 'ಹಾನ‌ಯಿ' ಎಂಬ ಪದ್ಧತಿ. ಹುಟ್ಟಿದ ಮಗುವನ್ನು ಇನ್ನೊಂದು ಕುಟುಂಬ ತನ್ನದೆಂದು ಸಾಕುತ್ತದೆ, ಎರಡು ಮನೆತನಗಳ ನಂಟು ಬಿಗಿಯಾಗುತ್ತದೆ. ಲಿಲಿಯುಒಕಲಾನಿ ಬೆಳೆದದ್ದೂ ಹೀಗೆಯೇ. ಹೆತ್ತವರು ಮಗುವನ್ನು ಬಿಟ್ಟುಕೊಡುವುದು ಮಿಷನರಿಗಳಿಗೆ ಅರ್ಥವಾಗದ ಒಗಟು. ಆದರೆ ಅವರಲ್ಲೇ ಅನೇಕರು, ಇಲ್ಲಿಯ ಮಕ್ಕಳ ಸಹವಾಸ ತಮ್ಮ ಮಕ್ಕಳನ್ನು ಕೆಡಿಸೀತೆಂದು ಹೆದರಿ, ಏಳೆಂಟು ವರ್ಷದ ತಮ್ಮ ಕೂಸುಗಳನ್ನು ತಿಂಗಳುಗಟ್ಟಲೆ ಪ್ರಯಾಣದ ಹಡಗು ಹತ್ತಿಸಿ ನ್ಯೂ ಇಂಗ್ಲೆಂಡಿನ ನೆಂಟರ ಮನೆಗೆ ಕಳುಹಿಸುತ್ತಿದ್ದರು. ಅದನ್ನು ತಪ್ಪಿಸಲೆಂದು 1841ರಲ್ಲಿ ಮಿಷನರಿಗಳ ಮಕ್ಕಳಿಗಾಗಿಯೇ ಪುನಹೊ ಶಾಲೆಯನ್ನು ಸ್ಥಾಪಿಸಲಾಯಿತು. ಹವಾಯಿಯ ಮಕ್ಕಳಿಗೆ ಒಂದು ಶಾಲೆ, ಗುರುಗಳ ಮಕ್ಕಳಿಗೆ ಇನ್ನೊಂದು. ಭಾನುವಾರದ ಪ್ರವಚನದಲ್ಲಿ ನಾವೆಲ್ಲ ದೇವರ ಮಕ್ಕಳು ಎಂದು ಕೇಳಿದವರಿಗೆ ಸೋಮವಾರ ಕಾಣುತ್ತಿದ್ದದ್ದು ಇದು.

ಕುಕ್ ದಂಪತಿಯ ಶಾಲೆಯಲ್ಲಿ ಕಲಿತ ರಾಜಕುಮಾರ ಅಲೆಕ್ಸಾಂಡರ್ ಲಿಹೊಲಿಹೊ ಗುರುಗಳ ನಾಡನ್ನು ಕಣ್ಣಾರೆ ಕಂಡ. ಮಿಷನ್ ವೈದ್ಯರಾಗಿ ಬಂದು ಮಂತ್ರಿಯಾಗಿದ್ದ ಗೆರಿಟ್ ಜಡ್ ಅವನನ್ನೂ ಅವನ ಅಣ್ಣನನ್ನೂ ಇಂಗ್ಲೆಂಡ್, ಫ್ರಾನ್ಸ್, ಅಮೆರಿಕಗಳಿಗೆ ಕರೆದೊಯ್ದಿದ್ದರು. ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ ಅವನು ರಾಜಕುಮಾರನೇ. 1850ರಲ್ಲಿ ಅಮೆರಿಕದ ರೈಲಿನಲ್ಲಿ ಕುಳಿತಿದ್ದಾಗ ಕಂಡಕ್ಟರ್ ಬಂದು ಅವನ ಮೈಬಣ್ಣ ನೋಡಿ, ಯಾರದೋ ಆಳು ಎಂದು ಬಗೆದು, ಬೋಗಿಯಿಂದ ಇಳಿಯಲು ಹೇಳಿದ. ಹುಡುಗನಿಗೆ ಹದಿನಾರು ವರ್ಷ. ಇಂಗ್ಲೆಂಡಿನಲ್ಲಾಗಲಿ ಫ್ರಾನ್ಸಿನಲ್ಲಾಗಲಿ ಕಾಣದ ಅವಮಾನ ಇದು, ಇಲ್ಲಿ ಮಾತ್ರ ನನ್ನನ್ನು ನಾಯಿಯ ಹಾಗೆ ಕಾಣುತ್ತಾರೆ ಎಂದು ದಿನಚರಿಯಲ್ಲಿ ಬರೆದುಕೊಂಡ.

ಆ ಕಂಡಕ್ಟರ್ ಅಮೆರಿಕದ ಬಗ್ಗೆ ಕಲಿಸಿದ್ದು ಹತ್ತು ವರ್ಷದ ಶಾಲೆ ಕಲಿಸಿದ್ದಕ್ಕಿಂತ ಹೆಚ್ಚು ಎಂದರೆ ಅತಿಶಯವಲ್ಲ. ಹುಡುಗ ನಾಲ್ಕನೆಯ ಕಮೇಹಮೇಹನಾಗಿ ಪಟ್ಟಕ್ಕೆ ಬಂದ ಮೇಲೆ ಬ್ರಿಟನ್ನಿನ ಕಡೆಗೆ ವಾಲಿದ. 1862ರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚನ್ನು ದ್ವೀಪಕ್ಕೆ ಬರಮಾಡಿಕೊಂಡ. ಗುರುಗಳ ನಾಡಿನ ಕಲ್ಪಿತ ಚಿತ್ರ ಎಷ್ಟು ಉಜ್ವಲವಾಗಿರುತ್ತದೆಯೋ ಅದು ಒಡೆದಾಗ ಗಾಯ ಅಷ್ಟೇ ಆಳ. ಶಿಕ್ಷಕರು ತಮ್ಮ ದೇಶದ ಕೊಳೆಯನ್ನೂ ಆಗಾಗ ಹೇಳಿಕೊಂಡಿದ್ದರೆ ಗಾಯ ಸಣ್ಣದಾಗುತ್ತಿತ್ತೋ ಏನೋ. ಮನೆಯ ಮಾತನ್ನು ಹೊರಗೆ ಆಡಬಾರದೆಂಬ ಸಂಕೋಚ ಮಿಷನರಿಗಳಿಗೂ ಇತ್ತು.

ಶಾಲೆಗೆ ಬಂದ ಗೊಂಬೆ

ತನ್ನ ನಾಡಿನ ಬಗ್ಗೆ ಮಕ್ಕಳಲ್ಲಿ ಒಳ್ಳೆಯ ಭಾವನೆ ಬೆಳೆಸಲು ಒಬ್ಬ ಮಿಷನರಿ ಶಿಕ್ಷಕ ಮಾಡಿದ ಅತಿ ದೊಡ್ಡ ಪ್ರಯತ್ನ ಬಹುಶಃ ಸಿಡ್ನಿ ಗುಲಿಕ್ ಅವರದು. ಅಮೆರಿಕದ ಪ್ರತಿನಿಧಿಯಾಗಿ ನಿಂತ ಈ ಮನುಷ್ಯ ಹುಟ್ಟಿದ್ದು ಅಮೆರಿಕದಲ್ಲಲ್ಲ, 1860ರಲ್ಲಿ ಮಾರ್ಷಲ್ ದ್ವೀಪಗಳ ಒಂದು ಹವಳದ ದಿಬ್ಬದ ಮೇಲೆ, ಮಿಷನರಿ ತಂದೆತಾಯಿಗೆ. 1888ರಿಂದ ಕಾಲು ಶತಮಾನ ಜಪಾನಿನಲ್ಲಿ ದುಡಿದು ಹಿಂತಿರುಗಿದರು. 1924ರಲ್ಲಿ ಅಮೆರಿಕ ಜಪಾನೀಯರ ವಲಸೆಗೆ ಬಾಗಿಲು ಹಾಕಿತು. ಜಪಾನಿನ ಮಕ್ಕಳ ಮನಸ್ಸಿನಲ್ಲಿ ಉಳಿಯುವ ಅಮೆರಿಕ ಈ ಕಾನೂನೇ ಆಗಬಾರದೆಂದು ಗುಲಿಕ್ ಅಮೆರಿಕದ ಮಕ್ಕಳಿಂದ ಗೊಂಬೆಗಳನ್ನು ಕಳುಹಿಸುವ ಯೋಜನೆ ಹೂಡಿದರು. 1927ರಲ್ಲಿ, ಹೆಣ್ಣುಮಕ್ಕಳ ಗೊಂಬೆ ಹಬ್ಬದ ಸಮಯಕ್ಕೆ, 12,739 ಗೊಂಬೆಗಳು ಜಪಾನಿನ ಶಾಲೆಗಳಿಗೆ ಬಂದವು. ಪ್ರತಿಯೊಂದಕ್ಕೂ ಹೆಸರು, ಪಾಸ್‌ಪೋರ್ಟು. ಅದೇ ವರ್ಷ ಜಪಾನ್ 58 ದೊಡ್ಡ ಗೊಂಬೆಗಳನ್ನು ಮರುಕಾಣಿಕೆಯಾಗಿ ಕಳುಹಿಸಿತು.

ಯುದ್ಧ ಬಂತು. ನೀಲಿ ಕಣ್ಣಿನ ಗೊಂಬೆ ಶತ್ರುವಾಯಿತು. ಶಾಲೆಗಳಲ್ಲಿ ಅವನ್ನು ಸುಟ್ಟರು, ಒಡೆದರು. ಮಕ್ಕಳು ಎತ್ತಿ ಆಡಿಸಿದ್ದ ವಸ್ತುವನ್ನು ಮಕ್ಕಳ ಎದುರಿಗೇ ನಾಶ ಮಾಡಿದ ಕಡೆಗಳೂ ಇವೆ. ಕೆಲವು ಶಿಕ್ಷಕರು ಮನಸ್ಸು ಬಾರದೆ ಅಟ್ಟದ ಮೇಲೆ, ಗೋಡೆಯ ಹಿಂದೆ ಬಚ್ಚಿಟ್ಟರು. ಹಾಗೆ ಉಳಿದು ಮುಂದೆ ಪತ್ತೆಯಾದವು ಮುನ್ನೂರು ಚಿಲ್ಲರೆ. ಒಂದು ದೇಶದ ಬಗ್ಗೆ ಮಗು ಕಟ್ಟಿಕೊಂಡ ಚಿತ್ರವನ್ನು ಆ ದೇಶದ ಶಿಕ್ಷಕರಿಗಿಂತ ಮಗುವಿನ ಸ್ವಂತ ನಾಡಿನ ದೊಡ್ಡವರೇ ಬೇಗ ತಿದ್ದಬಲ್ಲರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ.

ಈಗಿನ ಮಾತು ಸ್ವಲ್ಪ. ಒಂದು ಕಾಲದಲ್ಲಿ ಮಿಷನರಿಗಳಿಗೆ ಹೆದರಿದ್ದ ಕೊರಿಯಾದ ದಕ್ಷಿಣ ಭಾಗ ಇಂದು ಜಗತ್ತಿಗೆ ಅತಿ ಹೆಚ್ಚು ಮಿಷನರಿಗಳನ್ನು ಕಳುಹಿಸುವ ದೇಶಗಳಲ್ಲಿ ಒಂದು. ಅವರ ತರಗತಿಯಲ್ಲಿ ಕೂರುವ ಮಗುವಿಗೆ, ಶಿಕ್ಷಕಿ ಬಾಗಿಲು ದಾಟುವ ಮೊದಲೇ, ಮೊಬೈಲಿನಲ್ಲಿ ಕೊರಿಯಾದ ಹಾಡು, ಧಾರಾವಾಹಿಗಳು ಬಂದು ಕುಳಿತಿರುತ್ತವೆ. ಹಿಂದೆ ಒಬ್ಬ ಶಿಕ್ಷಕಿಯನ್ನು ಹಿಗ್ಗಿಸಿ ದೇಶ ಮಾಡಿಕೊಳ್ಳುತ್ತಿದ್ದರು. ಈಗ ಪರದೆಯ ಮೇಲಿನ ದೇಶದ ಅಳತೆಗೆ ಶಿಕ್ಷಕಿಯನ್ನು ಹಿಡಿದು ನೋಡುತ್ತಾರೆ. ಸಾದಾ ಬಟ್ಟೆಯ, ಪ್ರಾರ್ಥನೆ ಮಾಡುವ, ಹಾಡಿ ಕುಣಿಯದ ಹೆಂಗಸು ಆ ಅಳತೆಗೆ ಸರಿಹೊಂದುವುದಿಲ್ಲ. ಅಗುಳು ಒಂದೇ ಇದ್ದ ಕಡೆ ಈಗ ಎರಡಾಗಿವೆ. ಎರಡೂ ಬಿಡಿ ಅಗುಳುಗಳೇ.

ಕೊನೆಗೆ ಆ ಹುಡುಗಿಯ ಕಥೆ. ಲಿಲಿಯುಒಕಲಾನಿ 1891ರಲ್ಲಿ ಪಟ್ಟಕ್ಕೆ ಬಂದರು. ಎರಡೇ ವರ್ಷಗಳಲ್ಲಿ, 1893ರಲ್ಲಿ, ಅವರನ್ನು ಪದಚ್ಯುತಗೊಳಿಸಿದ ಗುಂಪಿನ ಮುಂದಾಳು ಲೊರಿನ್ ಥರ್ಸ್‌ಟನ್ ಹವಾಯಿಗೆ ಬಂದ ಮೊದಲ ಮಿಷನರಿಗಳ ಮೊಮ್ಮಗ. ನಂತರ ಗಣರಾಜ್ಯದ ಅಧ್ಯಕ್ಷನಾದ ಸ್ಯಾನ್‌ಫರ್ಡ್ ಡೋಲ್ ಪುನಹೊ ಶಾಲೆಯನ್ನು ನಡೆಸಿದ ಮಿಷನರಿಯ ಮಗ. ಕಾಕಂಬಿ ಬಡಿಸಿದ ಏಮಸ್ ಕುಕ್ ಅಷ್ಟರಲ್ಲಿ ತೀರಿಕೊಂಡಿದ್ದರು. ಶಾಲೆ ಮುಚ್ಚಿದ ಮೇಲೆ 1851ರಲ್ಲಿ ಅವರು ಪಾಲುದಾರರೊಬ್ಬರ ಜತೆ ತೆರೆದ ಅಂಗಡಿ ದ್ವೀಪದ ದೊಡ್ಡ ಸಕ್ಕರೆ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. ರಾಣಿಯನ್ನು 1895ರಲ್ಲಿ ಅವರದೇ ಅರಮನೆಯ ಒಂದು ಕೋಣೆಯಲ್ಲಿ ಸೆರೆಯಿಟ್ಟರು. ಬಿಡುಗಡೆಯಾದ ಮೇಲೆ ಅವರು ಅಮೆರಿಕಕ್ಕೆ ಹೋಗಿ, ಕುಕ್ ದಂಪತಿ ಕಲಿಸಿದ ಇಂಗ್ಲಿಷಿನಲ್ಲಿ ತಮ್ಮ ಕಥೆ ಬರೆದರು. ಪುಸ್ತಕ 1898ರಲ್ಲಿ ಪ್ರಕಟವಾದದ್ದು ಬಾಸ್ಟನ್ನಿನಲ್ಲಿ, ಮಿಷನರಿಗಳ ಮೊದಲ ಹಡಗು ಹೊರಟ ಊರಿನಲ್ಲಿ. ಬ್ರೆಡ್ಡು ಮತ್ತು ಕಾಕಂಬಿ ಅದರ ಮೊದಲ ಅಧ್ಯಾಯದಲ್ಲೇ ಬರುತ್ತವೆ.